ಮೊಟ್ಟೆ ಚೀಲ ಹೊತ್ತ ಜೇಡ ಕೈಗೆ ಸಿಕ್ಕರೆ: ಹತ್ತು ಸೂತ್ರಗಳು

ರಾಜಾಜಿನಗರದ ಹಳೆಯ ಮನೆಯ ಅಟ್ಟ, ಬಸವೇಶ್ವರನಗರದ ಸಂಪಿನ ಮುಚ್ಚಳ, ವಿಜಯನಗರದ ಪಾರ್ಕಿನ ಹುಲ್ಲು, ಕೆಂಗೇರಿಯ ಖಾಲಿ ಸೈಟು: ಇಲ್ಲೆಲ್ಲ ಜೇಡಗಳು ನಮ್ಮ ಜೊತೆಗೇ ಸಂಸಾರ ಮಾಡುತ್ತಿವೆ. ಮೊಟ್ಟೆ ಹೊತ್ತ ತಾಯಿಯೊಂದು ಎದುರಾದಾಗ ಪೊರಕೆ ಎತ್ತುವವರೂ ಇದ್ದಾರೆ, ಕುತೂಹಲದಿಂದ ಡಬ್ಬಿ ತರುವವರೂ ಇದ್ದಾರೆ. ಈ ಮಾತು ಎರಡನೆಯವರಿಗೆ. ಮರಿಗಳು ಹೊರಬರುವವರೆಗೆ ತಾಯಿಯನ್ನೂ ಚೀಲವನ್ನೂ ಬೇರೆ ಮಾಡದೆ ಕಾಪಾಡಿದರೆ ನೀವು ಗೆದ್ದಂತೆ.

1. ಮೊದಲು ಚೀಲ ಎಲ್ಲಿದೆ ನೋಡಿ. ಜೇಡದ ಬಣ್ಣಕ್ಕಿಂತ ಅದು ಮೊಟ್ಟೆ ಹೊರುವ ರೀತಿ ಬೇಗ ಗುರುತು ಹೇಳುತ್ತದೆ. ಎದೆಯ ಕೆಳಗೆ ಚಪ್ಪಟೆ ಬಿಲ್ಲೆ ಇದ್ದರೆ ಅದು ಹಂಟ್ಸ್‌ಮನ್. ಹಿಂಭಾಗದ ತುದಿಯಲ್ಲಿ, ನೂಲು ಹೊರಬರುವ ಕಡೆ, ದುಂಡನೆಯ ಉಂಡೆ ಅಂಟಿಕೊಂಡಿದ್ದರೆ ತೋಳಜೇಡ. ಕಡ್ಡಿಯಂಥ ಉದ್ದ ಕಾಲಿನ ಜೇಡ ಮೂಲೆಯ ಬಲೆಯಲ್ಲಿ ತಲೆಕೆಳಗಾಗಿ ನೇತಾಡುತ್ತ, ಬಾಯಲ್ಲಿ ಮೊಟ್ಟೆಗಳ ಗೊಂಚಲು ಕಚ್ಚಿಕೊಂಡಿದ್ದರೆ ಅದು ಫೋಲ್ಸಿಡ್ ಕುಟುಂಬದ್ದು. ಅದರ ಎಳೆಗಳು ಎಷ್ಟು ವಿರಳವೆಂದರೆ ಮೊಟ್ಟೆಗಳು ಬರಿಗಣ್ಣಿಗೇ ಕಾಣುತ್ತವೆ. ಕೆರೆಯಂಚಿನ ಗಿಡಗಳಲ್ಲಿ ದೊಡ್ಡ ಉಂಡೆಯನ್ನು ಬಾಯಲ್ಲಿ ಹಿಡಿದು ಓಡಾಡುವುದು ನರ್ಸರಿ ವೆಬ್ ಜೇಡ.

2. ಮನೆಯೊಳಗಿನ ದೊಡ್ಡ ಜೇಡವನ್ನು ಚೆನ್ನಾಗಿ ತಿಳಿದುಕೊಳ್ಳಿ. ಕ್ಯಾಲೆಂಡರಿನ ಹಿಂದೆ, ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಸಿಗುವ ಕಂದು ಹಂಟ್ಸ್‌ಮನ್‌ನ ಶಾಸ್ತ್ರೀಯ ಹೆಸರು ಹೆಟರೋಪೋಡ ವೆನಟೋರಿಯ. 1767ರಲ್ಲಿ ಲಿನೇಯಸ್ ಇದನ್ನು ವಿವರಿಸಿದ. ಮೂಲ ಏಷ್ಯಾ, ಹಡಗಿನ ಸರಕಿನ ಜೊತೆ ಹೋಗಿ ಇಂದು ಉಷ್ಣವಲಯದ ಉದ್ದಗಲಕ್ಕೂ ನೆಲೆಸಿದೆ. ಮುಖದ ಅಂಚಿನಲ್ಲಿ ಕೆನೆ ಬಣ್ಣದ ಪಟ್ಟಿ, ಏಡಿಯಂತೆ ಪಕ್ಕಕ್ಕೆ ಚಾಚಿದ ಕಾಲುಗಳು ಇದರ ಗುರುತು. ಬಲೆ ಕಟ್ಟದೆ ರಾತ್ರಿ ಓಡಾಡಿ ಜಿರಳೆ ಹಿಡಿಯುತ್ತದೆ.

3. ಹೆದರಬೇಡಿ, ಬರಿಗೈಯಲ್ಲಿ ಹಿಡಿಯಲೂ ಬೇಡಿ. ಹಂಟ್ಸ್‌ಮನ್ ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಲ್ಲ. ಆದರೆ ಮೊಟ್ಟೆ ಹೊತ್ತ ತಾಯಿಯನ್ನು ಹಿಡಿದರೆ ಕಚ್ಚಬಹುದು, ನೋಯುತ್ತದೆ. ಜೇಡ ಹರಿದಾಡಿದ್ದರಿಂದ ಮೈಮೇಲೆ ಗುಳ್ಳೆ ಎದ್ದಿತೆಂದು ಹಲವು ಮನೆಗಳಲ್ಲಿ ಹೇಳುವುದುಂಟು. ಅಂಥ ಗುಳ್ಳೆಗೆ ಎಷ್ಟೋ ಸಲ ಕಾರಣ ಸರ್ಪಸುತ್ತು, ಇಲ್ಲವೇ ದೀಪಕ್ಕೆ ಬರುವ ಪೆಡಿರಸ್ ಎಂಬ ಸಣ್ಣ ಜೀರುಂಡೆ. ಜೇಡವನ್ನು ದೂರದೆ ವೈದ್ಯರಿಗೆ ತೋರಿಸಿ.

4. ಲೋಟ ಮತ್ತು ಹಳೆಯ ಲಗ್ನಪತ್ರಿಕೆ ಸಾಕು. ಅಗಲ ಬಾಯಿಯ ಪಾರದರ್ಶಕ ಡಬ್ಬಿಯನ್ನೋ ಲೋಟವನ್ನೋ ನಿಧಾನವಾಗಿ ಮೇಲಿಂದ ಕವುಚಿ, ಗೋಡೆಗೂ ಲೋಟಕ್ಕೂ ನಡುವೆ ದಪ್ಪ ಕಾಗದ ಜಾರಿಸಿ. ಕಾಲುಗಳು ಒಳಗೆ ಸರಿಯುವವರೆಗೆ ಕಾಯಿರಿ. ಅವಸರ ಮಾಡಿದರೆ ಕಾಲು ಮುರಿಯುತ್ತದೆ, ಗಾಬರಿಯಲ್ಲಿ ತಾಯಿ ಚೀಲ ಬೀಳಿಸುತ್ತದೆ.

5. ಚೀಲವನ್ನು ಎಂದೂ ಕೀಳಬೇಡಿ. ಚೀಲ ಕಳೆದುಕೊಂಡ ತೋಳಜೇಡ ಅದನ್ನು ಹುಡುಕುತ್ತ ಅಲೆಯುತ್ತದೆ. ಫ್ರಾನ್ಸಿನ ಕೀಟಶಾಸ್ತ್ರಜ್ಞ ಫ್ಯಾಬ್ರ್ (1823–1915) ಚೀಲದ ಬದಲು ಬಿರಡೆಯ ಉಂಡೆ ಕೊಟ್ಟಾಗ ತಾಯಿ ಅದನ್ನೇ ಹೊತ್ತು ನಡೆಯಿತು. ಹೊರುವ ಹಂಬಲ ಅಷ್ಟು ಬಲವಾದದ್ದು. ಮರಿಗಳಿಗೂ ತಾಯಿ ಬೇಕು: ಅನೇಕ ತೋಳಜೇಡಗಳಲ್ಲಿ ಚೀಲದ ಅಂಚನ್ನು ಬಿಡಿಸಿ ಅವುಗಳಿಗೆ ದಾರಿ ಮಾಡಿಕೊಡುವುದು ತಾಯಿಯೇ.

6. ಡಬ್ಬಿ ಸರಳವಾಗಿರಲಿ. ಹಂಟ್ಸ್‌ಮನ್ ಕಾಲು ಚಾಚಿ ನಿಲ್ಲುವಷ್ಟು ಅಗಲ, ಹತ್ತಿ ಅಡಗಲು ಓರೆಯಾಗಿಟ್ಟ ಒಂದು ಮರದ ತೊಗಟೆ. ತೋಳಜೇಡಕ್ಕೆ ಎರಡು ಬೆರಳು ಆಳದ ಮಣ್ಣು, ಒಣ ಎಲೆ. ಬಾಯಿಗೆ ತೆಳುವಾದ ಮಲ್ ಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಮುಚ್ಚಳಕ್ಕೆ ಕೊರೆದ ತೂತಿನಿಂದ ಮರಿಗಳು ಸಲೀಸಾಗಿ ನುಸುಳುತ್ತವೆ. ನೇರ ಬಿಸಿಲು ಬೀಳದ, ಗಲಾಟೆಯಿಲ್ಲದ ಮೂಲೆಯಲ್ಲಿಡಿ. ಒಂದು ಡಬ್ಬಿಗೆ ಒಂದೇ ಜೇಡ.

7. ನೀರು ಮೊದಲು, ಊಟ ಆಮೇಲೆ. ಒದ್ದೆ ಹತ್ತಿಯ ಉಂಡೆಯನ್ನು ಒಂದು ಮೂಲೆಯಲ್ಲಿಟ್ಟು, ಒಣಗಿದಾಗ ಬದಲಿಸಿ. ಚೀಲದ ಮೇಲೆ ನೀರು ಸಿಂಪಡಿಸಿದರೆ ಬೂಷ್ಟು ಹಿಡಿಯಬಹುದು. ಚೀಲ ಹೊತ್ತ ಹಂಟ್ಸ್‌ಮನ್ ಸಾಮಾನ್ಯವಾಗಿ ಬೇಟೆಯಾಡುವುದಿಲ್ಲ, ಆದ್ದರಿಂದ ಉಪವಾಸ ಕಂಡು ಕಂಗಾಲಾಗಬೇಡಿ. ತೋಳಜೇಡಕ್ಕೆ ಅದಕ್ಕಿಂತ ಚಿಕ್ಕದಾದ ಮಿಡತೆ ಕೊಡಿ. ಮುಟ್ಟದಿದ್ದರೆ ಮರುದಿನವೇ ತೆಗೆದುಬಿಡಿ. ಉಳಿದ ಹುಳು ತಾಯಿಯನ್ನು ಕಾಡುತ್ತದೆ.

8. ವಿಷದ ಗಾಳಿ ಸೋಕದಿರಲಿ. ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ, ಸಾಂಬ್ರಾಣಿ ಹೊಗೆ ಇರುವ ಕೋಣೆಯಲ್ಲಿ ಡಬ್ಬಿ ಇಡಬೇಡಿ. ಔಷಧಿ ಹೊಡೆದು ಸತ್ತ ಜಿರಳೆಯನ್ನು ಊಟಕ್ಕೆ ಹಾಕಲೇಬೇಡಿ.

9. ಮರಿ ಹೊರಬಂದರೆ ಬಿಡುಗಡೆ ಮಾಡಿ. ಕೆಲವು ವಾರಗಳಲ್ಲಿ ಚೀಲ ಬಿಚ್ಚುತ್ತದೆ. ತೋಳಜೇಡದ ಮರಿಗಳು ತಾಯಿಯ ಬೆನ್ನೇರಿ ಕೆಲವು ದಿನ ಸವಾರಿ ಮಾಡುತ್ತವೆ. ಮೊಟ್ಟೆಯಿಂದ ಬಂದ ಆಹಾರ ಇನ್ನೂ ಹೊಟ್ಟೆಯಲ್ಲಿರುವುದರಿಂದ ಆಗ ಅವಕ್ಕೆ ಊಟ ಬೇಡ. ಆ ಸ್ಥಿತಿಯಲ್ಲೇ ತಾಯಿಯ ಸಮೇತ ಹುಲ್ಲಿಗೆ ಬಿಡಿ. ಹಂಟ್ಸ್‌ಮನ್ ಮರಿಗಳು ಚೀಲ ಬಿಟ್ಟ ಮೇಲೆ ಚದುರುತ್ತವೆ. ಡಬ್ಬಿಯಲ್ಲೇ ಉಳಿಸಿಕೊಂಡರೆ ಒಂದನ್ನೊಂದು ತಿನ್ನುತ್ತವೆ. ಜ್ಞಾನಭಾರತಿಯ ಹಸಿರು ಹತ್ತಿರವಿದೆಯೆಂದು ಅಲ್ಲಿಗೆ ಒಯ್ಯಬೇಡಿ. ಹಿಡಿದ ಜಾಗದ ಹತ್ತಿರವೇ, ಕಾಂಪೌಂಡಿನ ಕುಂಡಗಳ ಸಂದಿಯಲ್ಲಿ, ಸಂಜೆ ಹೊತ್ತಿಗೆ ಬಿಡಿ. ಅಷ್ಟೂ ಮರಿಗಳು ಬದುಕುವುದಿಲ್ಲ, ಮನೆ ತುಂಬಿಹೋಗುವ ಚಿಂತೆಯೂ ಬೇಡ.

10. ಕಂಡದ್ದನ್ನು ಬರೆದಿಡಿ. ದಿನಾಂಕ, ಬಡಾವಣೆ, ಚೀಲದ ಬಣ್ಣ, ಮರಿ ಬಂದ ದಿನ, ಜೊತೆಗೆ ಮೇಲಿನಿಂದ ಮತ್ತು ಎದುರಿನಿಂದ ತೆಗೆದ ಎರಡು ಫೋಟೊ. ಚೀಲದಿಂದ ಮರಿಗಳ ಬದಲು ಪುಟ್ಟ ಕಣಜಗಳು ಹೊರಟರೂ ಬರೆಯಿರಿ; ಜೇಡದ ಮೊಟ್ಟೆ ತಿಂದು ಬೆಳೆಯುವ ಕಣಜಗಳಿವೆ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಇದನ್ನು ಸೇರಿಸಿದರೆ ಬಲ್ಲವರು ಗುರುತಿಸಲು ನೆರವಾಗುತ್ತಾರೆ. ಮನೆಯ ಮಕ್ಕಳ ಕೈಯಲ್ಲೇ ಬರೆಸಿ. ಜೇಡವನ್ನು ಗಮನವಿಟ್ಟು ನೋಡಲು ಕಲಿತ ಮಗು ಅದನ್ನು ಹೊಸಕಿಹಾಕಲು ಮುಂದಾಗುವುದಿಲ್ಲ.