ಕ್ಯಾಮೆರಾ ಎತ್ತಬೇಡಿ, ಲೆನ್ಸ್ ಎತ್ತಿ

ಪುಣೆಯ ಬಾಜೀರಾವ್ ರಸ್ತೆಯಲ್ಲಿ ವಿಶ್ರಾಮಬಾಗ್ ವಾಡಾ ಇದೆ. ಪೇಶ್ವೆ ಎರಡನೇ ಬಾಜೀರಾಯ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ಬೀದಿಯ ಕಡೆಗೆ ಚಾಚಿದ ಮರದ ಸಜ್ಜೆ, ಮರಾಠಿಯವರು ಸುರು ಎನ್ನುವ ಮರದ ಆಕಾರದಲ್ಲಿ ಕೆತ್ತಿದ ಕಂಬಗಳು. ಎದುರಿನ ಫುಟ್‌ಪಾತಿನ ಮೇಲೆ ನಿಂತು, ಮೇಲಿನ ಮಾಡು ಸಿಗುವವರೆಗೆ ಮೊಬೈಲನ್ನು ಓರೆ ಮಾಡಿ ಒಂದು ಫೋಟೋ ತೆಗೆಯಿರಿ. ಕಂಬಗಳು ಮೇಲೆ ಹೋದಂತೆ ಒಂದರ ಕಡೆಗೊಂದು ವಾಲುತ್ತವೆ, ಇಡೀ ವಾಡೆಯೇ ಬೆನ್ನು ಹಿಂದಕ್ಕೆ ಹಾಕಿ ಒರಗಿದಂತೆ ಕಾಣುತ್ತದೆ. ಹೊಸದಾಗಿ ಕಲಿಯಲು ಬಂದವರಿಂದ ನಾನು ಮೊದಲು ಮಾಡಿಸುವ ಪಾಠ ಇದೇ. ಆ ಫೋಟೋವನ್ನು ಅಳಿಸಬೇಡಿ, ಇಟ್ಟುಕೊಂಡಿರಿ ಎನ್ನುತ್ತೇನೆ. ಮುಂದೆ ಬೇಕಾಗುತ್ತದೆ.

ಕಂಬ ವಾಲಲು ಕಾರಣ ಲೆನ್ಸ್ ಅಲ್ಲ. ಫಿಲ್ಮ್ ಅಥವಾ ಸೆನ್ಸರ್ ಗೋಡೆಗೆ ಸಮಾನಾಂತರವಾಗಿದ್ದರೆ ಗೋಡೆಯ ನೆಟ್ಟ ಗೆರೆಗಳು ಚಿತ್ರದಲ್ಲೂ ನೆಟ್ಟಗಿರುತ್ತವೆ. ಕ್ಯಾಮೆರಾ ಮುಖ ಎತ್ತಿದ ಕೂಡಲೇ ಆ ಸಮಾನಾಂತರ ತಪ್ಪುತ್ತದೆ. ಹಾಗಾದರೆ ಕ್ಯಾಮೆರಾ ನೆಟ್ಟಗೆ ನಿಂತಿರಬೇಕು, ಮಾಡೂ ಚಿತ್ರದಲ್ಲಿ ಸಿಗಬೇಕು. ಎರಡೂ ಒಟ್ಟಿಗೆ ಆಗಬೇಕಾದರೆ ಫಿಲ್ಮನ್ನು ಇದ್ದಲ್ಲೇ ಬಿಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆ ಜರುಗಿಸಬೇಕು. ಹಾಗೆ ಜರುಗಿಸಲು ಬರುವ, ಮಡಚಿದರೆ ದಪ್ಪ ಪುಸ್ತಕದಂತೆ ಚೀಲಕ್ಕೆ ಇಳಿಯುವ ಗಟ್ಟಿ ಲೋಹದ ಪೆಟ್ಟಿಗೆಯೇ ಟೆಕ್ನಿಕಲ್ ಕ್ಯಾಮೆರಾ. ಜರ್ಮನಿಯ ಮ್ಯೂನಿಕ್‌ನಲ್ಲಿ 1887ರಲ್ಲಿ ಶುರುವಾದ ಲಿನ್‌ಹೋಫ್ ಕಂಪನಿ 1930ರ ದಶಕದಲ್ಲಿ ತಂದ ಟೆಕ್ನಿಕಾದಿಂದ ಈ ಹೆಸರು ನೆಲೆನಿಂತಿತು. ದೊಡ್ಡ ಶೀಟ್ ಫಿಲ್ಮಿನ ಟೆಕ್ನಿಕಾಗಳ ಜೊತೆಗೆ 6x9 ಸೆಂ.ಮೀ.ನ ಚಿಕ್ಕ ಟೆಕ್ನಿಕಾಗಳೂ ಬಂದವು. ಜಪಾನಿನ ಹಾರ್ಸ್‌ಮನ್ ಇದೇ ಅಳತೆಯಲ್ಲಿ ಒಳ್ಳೆಯ ಕ್ಯಾಮೆರಾಗಳನ್ನು ಮಾಡಿತು. ಈ ಲೇಖನ ಈ ಚಿಕ್ಕವುಗಳ ಬಗ್ಗೆ.

ಇವುಗಳಿಗೆ ಬೇಕಾಗುವುದು 120 ಫಿಲ್ಮ್. ಕೊಡಾಕ್ 1901ರಲ್ಲಿ ತಂದ ಈ ಸುರುಳಿ ಇವತ್ತಿಗೂ ಹೊಸದಾಗಿ ಸಿಗುತ್ತದೆ. ನಮ್ಮ ಮನೆಗಳ ಅಟ್ಟದಲ್ಲಿ ಈಗಲೂ ಬಿದ್ದಿರುವ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾಗೆ ಹಾಕುತ್ತಿದ್ದದ್ದೂ ಇದನ್ನೇ. ಅದರಲ್ಲಿ 12 ಚೌಕ ಚಿತ್ರ ಬರುತ್ತಿದ್ದವು. 6x9 ಬ್ಯಾಕ್ ಹಾಕಿದರೆ ಅದೇ ಸುರುಳಿಯಲ್ಲಿ 8, 6x7 ಹಾಕಿದರೆ 10. ಎಂಟೇ ಚಿತ್ರವೇ ಎಂದು ಹೊಸಬರು ಹೌಹಾರುತ್ತಾರೆ. ಒಂದು ಬೆಳಿಗ್ಗೆಗೆ ಎಂಟು ಧಾರಾಳವಾಯಿತು ಎಂಬುದು ಎರಡನೇ ವಾರಕ್ಕೆ ಅವರಿಗೇ ಗೊತ್ತಾಗುತ್ತದೆ.

ಪುಣೆಗೂ ಕನ್ನಡ ನಾಡಿಗೂ ನಡುವೆ ಇಂಥ ಕ್ಯಾಮೆರಾಗಳ ಒಂದು ಹಳೆಯ ನಂಟಿದೆ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಕಚೇರಿ ಪುಣೆಯಲ್ಲಿತ್ತು, ಅದನ್ನು ನೋಡಿಕೊಳ್ಳುತ್ತಿದ್ದವರು ಹೆನ್ರಿ ಕಸೆನ್ಸ್. ಬಿಜಾಪುರದ ಕಟ್ಟಡಗಳ ಬಗ್ಗೆ 1916ರಲ್ಲಿ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ 1926ರಲ್ಲಿ ಅವರ ದೊಡ್ಡ ಗ್ರಂಥಗಳು ಬಂದವು. ಲಕ್ಕುಂಡಿ, ಐಹೊಳೆ, ಪಟ್ಟದಕಲ್ಲುಗಳನ್ನು ವಿದ್ವಾಂಸರು ಮನೆಯಲ್ಲಿ ಕೂತು ಅಳೆದು ನೋಡುವಂತಾದದ್ದು ಅಂಥ ಗ್ರಂಥಗಳ ಚಿತ್ರಗಳಿಂದ. ಆ ಕಾಲದ ಮರದ ಫೀಲ್ಡ್ ಕ್ಯಾಮೆರಾಗಳಲ್ಲೂ ಲೆನ್ಸಿನ ಹಲಗೆ ಏರಿಸುವ ಸೌಕರ್ಯ ಇತ್ತು. ಗೋಪುರ ವಾಲಿದ ಚಿತ್ರದಿಂದ ಯಾರೂ ಅಳತೆ ತೆಗೆಯಲಾರರು. ನೀವು ಕೈಗೆತ್ತಿಕೊಳ್ಳುವ ಪೆಟ್ಟಿಗೆ ಆ ಕೆಲಸದ ವಂಶದ್ದು.

ಈಗ ಪೆಟ್ಟಿಗೆ ತೆರೆಯೋಣ. ಮುಂದಿನ ಮುಚ್ಚಳ ಕೆಳಗೆ ಮಡಚಿ ತಟ್ಟೆಯಾಗುತ್ತದೆ. ಅದರ ಮೇಲಿನ ಹಳಿಯಲ್ಲಿ ಲೆನ್ಸಿನ ಚೌಕಟ್ಟನ್ನು ಮೆಲ್ಲಗೆ ಹೊರಗೆಳೆಯಬೇಕು. ಹಿಂದೆ ಹಾರ್ಮೋನಿಯಂನ ತಿದಿಯಂತೆ ಬಿಚ್ಚಿಕೊಳ್ಳುವುದು ಬೆಲ್ಲೋಸ್. ಬೆನ್ನಿಗೆ ಮಸುಕು ಗಾಜು, ಅಂದರೆ ಗ್ರೌಂಡ್ ಗ್ಲಾಸ್. ಅದನ್ನು ತೆಗೆದ ಜಾಗಕ್ಕೆ ಫಿಲ್ಮ್ ಇರುವ ರೋಲ್ ಬ್ಯಾಕ್ ಬರುತ್ತದೆ. ಫಿಲ್ಮಿಗೆ ಬೆಳಕು ತಾಗದಂತೆ ಅದರ ಮುಂದೆ ಇರುವ ತಗಡೇ ಡಾರ್ಕ್ ಸ್ಲೈಡ್. ಷಟರ್ ಲೆನ್ಸಿನೊಳಗೇ ಇದೆ; ಪೆಟ್ಟಿಗೆಯಲ್ಲಿ ಇಲ್ಲ. ಇದನ್ನು ನೆನಪಿಡಿ. ಹೊಸಬರ ಮುಕ್ಕಾಲು ಪಾಲು ತಪ್ಪುಗಳು ಇಲ್ಲಿಂದಲೇ ಹುಟ್ಟುತ್ತವೆ.

ಹಳೆಯದನ್ನು ಕೊಳ್ಳುವಾಗ ಮೂರು ಪರೀಕ್ಷೆ ಮಾಡಿ. ಕತ್ತಲೆ ಕೋಣೆಯಲ್ಲಿ ಬೆಲ್ಲೋಸನ್ನು ಪೂರ್ತಿ ಎಳೆದು, ಒಳಗೆ ಮೊಬೈಲ್ ಟಾರ್ಚ್ ಹಿಡಿದು, ಮಡಿಕೆಯ ಮೂಲೆಮೂಲೆಯನ್ನೂ ಹೊರಗಿನಿಂದ ನೋಡಿ. ಸೂಜಿಮೊನೆಯಷ್ಟು ತೂತು ಇದ್ದರೂ ನಕ್ಷತ್ರದಂತೆ ಮಿನುಗುತ್ತದೆ. ಎರಡನೆಯದು ಷಟರ್. ಒಳಗಿನ ಎಣ್ಣೆ ಗಟ್ಟಿಯಾಗಿದ್ದರೆ ನಿಧಾನದ ವೇಗಗಳು ಎಳೆಯುತ್ತವೆ. ಫೋನಿನ ರೆಕಾರ್ಡರ್ ಹಚ್ಚಿ 1 ಸೆಕೆಂಡಿನಲ್ಲಿ ಬಿಡಿ, ತೆರೆದ ಸದ್ದಿಗೂ ಮುಚ್ಚಿದ ಸದ್ದಿಗೂ ನಡುವಿನ ಅಂತರ ಪರದೆಯ ಮೇಲೇ ಕಾಣುತ್ತದೆ. ಹಳೆಯ ಕಾಂಪರ್ ಷಟರಿನಲ್ಲಿ ‘ವಿ’ ಎಂದು ಬರೆದ ಸೆಲ್ಫ್ ಟೈಮರ್ ಇದ್ದರೆ ಮುಟ್ಟಲೇಬೇಡಿ, ಒಮ್ಮೆ ಸಿಕ್ಕಿಕೊಂಡರೆ ಷಟರ್ ಬಿಚ್ಚಿಸಬೇಕಾಗುತ್ತದೆ. 1/500 ಬೇಕಿದ್ದರೆ ಷಟರ್ ಕಾಕ್ ಮಾಡುವ, ಅಂದರೆ ಅದರ ಸ್ಪ್ರಿಂಗ್ ಬಿಗಿಯುವ ಮುಂಚೆಯೇ ಆ ವೇಗಕ್ಕೆ ತಿರುಗಿಸಿ. ಮೂರನೆಯದು ರೇಂಜ್‌ಫೈಂಡರ್. ಟೆಕ್ನಿಕಾದಲ್ಲಿ ಒಂದೊಂದು ಲೆನ್ಸಿಗೂ ಅದಕ್ಕೆಂದೇ ಕೊರೆದ ಕ್ಯಾಮ್ ಇರುತ್ತದೆ. ಬೇರೆ ಲೆನ್ಸಿನ ಕ್ಯಾಮ್ ಹಾಕಿ ಮಾರಿದ್ದರೆ ರೇಂಜ್‌ಫೈಂಡರ್ ಹೇಳುವ ದೂರವನ್ನು ನಂಬುವಂತಿಲ್ಲ. ಆದರೂ ಗಾಬರಿ ಬೇಡ, ನಾವು ಗಾಜಿನ ಮೇಲೇ ಫೋಕಸ್ ಮಾಡುವವರು.

ಟ್ರೈಪಾಡ್ ಊರಿ. ಗಾರೆ ಕೆಲಸದವರು ಬಳಸುವ ರಸಮಟ್ಟದ ಚಿಕ್ಕದೊಂದನ್ನು ನಾನು ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ. ಅದನ್ನು ಕ್ಯಾಮೆರಾದ ಬೆನ್ನಿಗೆ ಒತ್ತಿ ನೆಟ್ಟಗಿದೆಯೇ ನೋಡಿ, ತಲೆಯ ಮೇಲಿಟ್ಟು ಅಡ್ಡಮಟ್ಟ ನೋಡಿ. ಅವಸರ ಮಾಡುವುದಿದ್ದರೆ ಬೇರೆ ಎಲ್ಲಾದರೂ ಮಾಡಿ, ಇಲ್ಲಿ ಮಾತ್ರ ಬೇಡ. ಆಮೇಲೆ ಷಟರನ್ನು ತೆರೆದೇ ಇರುವಂತೆ ಮಾಡಿ, ಅಪರ್ಚರನ್ನು ಪೂರ್ತಿ ಅಗಲಿಸಿ, ಕಪ್ಪು ಬಟ್ಟೆ ತಲೆಗೆ ಹೊದ್ದುಕೊಳ್ಳಿ.

ಮೊದಲು ಏನೂ ಕಾಣುವುದಿಲ್ಲ. ಅರ್ಧ ನಿಮಿಷ ಸುಮ್ಮನಿರಿ, ಕಣ್ಣು ಹೊಂದಿಕೊಳ್ಳಲಿ. ಹೋದ ವರ್ಷ ಒಬ್ಬ ಹುಡುಗಿ ಬಟ್ಟೆಯೊಳಗಿನಿಂದಲೇ ಕೂಗಿದಳು: “ಸರ್, ಬಸ್ಸು ತಲೆಕೆಳಗಾಗಿ ಹೋಗ್ತಾ ಇದೆ! ಅದೂ ಉಲ್ಟಾ ದಿಕ್ಕಿಗೆ!” ಹೌದು, ಗಾಜಿನ ಮೇಲೆ ಲೋಕ ತಲೆಕೆಳಗು, ಎಡ ಬಲ ಅದಲುಬದಲು. ಇದು ಅಡ್ಡಿ ಎಂದುಕೊಳ್ಳಬೇಡಿ. ವಾಡೆ ವಾಡೆಯಾಗಿ ಕಾಣುವುದು ನಿಂತು, ಬೆಳಕು ಇಲ್ಲಿ, ಕತ್ತಲೆ ಅಲ್ಲಿ, ಈ ಮೂಲೆ ಖಾಲಿ, ಆ ಮೂಲೆ ಭಾರ ಎಂದು ಕಾಣತೊಡಗುತ್ತದೆ. ಚಿತ್ರ ಕಟ್ಟುವುದನ್ನು ನಾನು ಕಲಿತದ್ದು ಈ ತಲೆಕೆಳಗಾದ ಗಾಜಿನಲ್ಲೇ.

ವಿಶ್ರಾಮಬಾಗ್ ವಾಡೆಯ ಮುಂದೆ ಭಾನುವಾರ ಬೆಳಿಗ್ಗೆ ಆರೂವರೆಗೆ ಹೀಗೆ ನಿಂತಿದ್ದೇವೆ ಎನ್ನಿ. ಕ್ಯಾಮೆರಾ ನೆಟ್ಟಗಿದೆ. ಗಾಜಿನ ಮೇಲ್ಭಾಗದ ತುಂಬ ಬರೀ ಡಾಂಬರು ರಸ್ತೆ. ಮಾಡು ಗಾಜಿನ ಕೆಳ ಅಂಚಿನಿಂದ ಆಚೆ ಬಿದ್ದಿದೆ, ಕಾಣುತ್ತಿಲ್ಲ. ಈಗ ಲೆನ್ಸಿನ ಹಲಗೆಯ ತಿರುಪು ಸಡಿಲಿಸಿ ಮೆಲ್ಲಗೆ ಮೇಲಕ್ಕೆತ್ತಿ. ಗಾಜಿನ ಮೇಲಿನ ಚಿತ್ರವೂ ಮೇಲಕ್ಕೇರುತ್ತದೆ. ರಸ್ತೆ ಮೇಲಿನ ಅಂಚಿನಾಚೆ ಜಾರಿ ಹೋಗುತ್ತದೆ, ಕೆಳಗಿನಿಂದ ಮಾಡಿನ ಹೆಂಚುಗಳು ಸಾಲು ಸಾಲಾಗಿ ಒಳಗೆ ಬರುತ್ತವೆ. ಕಂಬಗಳು ಮಾತ್ರ ವಾಲುವುದಿಲ್ಲ, ನೆಟ್ಟಗೆ ನಿಂತೇ ಇರುತ್ತವೆ. ಬಟ್ಟೆಯೊಳಗೆ ಇದನ್ನು ಮೊದಲ ಸಲ ಕಂಡವರು ಲೆನ್ಸನ್ನು ಮತ್ತೆ ಇಳಿಸುತ್ತಾರೆ, ಮತ್ತೆ ಏರಿಸುತ್ತಾರೆ. ನಾನು ತಡೆಯುವುದಿಲ್ಲ.

ಎಷ್ಟು ಎತ್ತಿದರೆ ಎಷ್ಟು ಸಿಗುತ್ತದೆ ಎಂಬುದಕ್ಕೆ ಸುಲಭದ ಲೆಕ್ಕವಿದೆ. ಲೆನ್ಸ್ 100 ಮಿ.ಮೀ., ಕಟ್ಟಡ 10 ಮೀಟರ್ ದೂರ ಇದ್ದರೆ ಲೆನ್ಸ್ ಒಂದು ಮಿಲಿಮೀಟರ್ ಏರಿದಾಗ ನೋಟ 10 ಸೆಂಟಿಮೀಟರ್ ಏರುತ್ತದೆ. 15 ಮಿ.ಮೀ. ಎತ್ತಿದರೆ ಒಂದೂವರೆ ಮೀಟರ್. ದೂರ ಇಮ್ಮಡಿಯಾದರೆ ಗಳಿಕೆಯೂ ಇಮ್ಮಡಿ. ಆದರೆ ಲೆನ್ಸ್ ಚೆಲ್ಲುವ ಬೆಳಕಿನ ವೃತ್ತಕ್ಕೆ ಒಂದು ಮಿತಿ ಇದೆ. ಅದನ್ನು ದಾಟಿದರೆ ಮಾಡಿನ ಮೇಲಿನ ಆಕಾಶದ ಮೂಲೆಗಳು ಕಪ್ಪಾಗುತ್ತವೆ. 65 ಮಿ.ಮೀ.ನ ಹಳೆಯ ಆಂಗುಲಾನ್‌ನಂಥ ಅಗಲ ನೋಟದ ಲೆನ್ಸುಗಳಲ್ಲಿ ಈ ಮಿತಿ ಬೇಗ ಬರುತ್ತದೆ, 100–105ರಲ್ಲಿ ಆರಾಮ. ಅದಕ್ಕೇ ಕಲಿಯುವವರಿಗೆ 100 ಅಥವಾ 105 ಸಾಕು ಎಂದು ನಾನು ಹಟ ಹಿಡಿಯುವುದು.

ಫೋಕಸ್ ಆಯಿತು, ತಿರುಪುಗಳನ್ನೆಲ್ಲ ಬಿಗಿದಿರಿ. ಇನ್ನು ಕೈಗಳ ಕ್ರಮ. ಇದನ್ನು ಬಾಯಿಪಾಠ ಮಾಡಿ: ಷಟರ್ ಮುಚ್ಚು, ಅಪರ್ಚರ್ ಇಳಿಸು, ವೇಗ ಇಡು, ಕಾಕ್ ಮಾಡು, ಗಾಜು ತೆಗೆದು ರೋಲ್ ಬ್ಯಾಕ್ ಕೂರಿಸು, ಡಾರ್ಕ್ ಸ್ಲೈಡ್ ಎಳೆ, ಕೇಬಲ್ ಒತ್ತು, ಡಾರ್ಕ್ ಸ್ಲೈಡ್ ಹಾಕು, ಫಿಲ್ಮ್ ಸುತ್ತು. ಮೊದಲನೆಯದನ್ನು ಮರೆತರೆ ಡಾರ್ಕ್ ಸ್ಲೈಡ್ ಎಳೆದ ಕ್ಷಣವೇ ಚಿತ್ರ ಸುಟ್ಟುಹೋಗುತ್ತದೆ, ಷಟರ್ ಲೆನ್ಸಿನಲ್ಲಿದೆ ಎಂದೆನಲ್ಲ. ಕೊನೆಯದನ್ನು ಮರೆತರೆ ಒಂದರ ಮೇಲೊಂದು ಎರಡು ಚಿತ್ರ ಬೀಳುತ್ತವೆ. ಸುತ್ತುವುದನ್ನು ಮುಂದಿನ ಚಿತ್ರ ತೆಗೆಯುವ ಹೊತ್ತಿಗೆ ಮಾಡಿದರೆ ಫಿಲ್ಮ್ ಹೆಚ್ಚು ಸಪಾಟಾಗಿರುತ್ತದೆ ಎನ್ನುವ ಅನುಭವಿಗಳಿದ್ದಾರೆ, ಅವರ ಮಾತು ಸುಳ್ಳಲ್ಲ. ಕಲಿಯುವ ವರ್ಷ ಮಾತ್ರ ತೆಗೆದ ಕೂಡಲೇ ಸುತ್ತಿ. ಫಿಲ್ಮ್ ಇಲ್ಲದೆ ಮನೆಯ ಮೇಜಿನ ಮೇಲೆ ಈ ಕ್ರಮವನ್ನು ಐವತ್ತು ಸಲ ಮಾಡಿ, ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಿ.

ಬೆಳಕಿನ ಲೆಕ್ಕಕ್ಕೆ ಮೀಟರ್ ಇದ್ದರೆ ಒಳ್ಳೆಯದು, ಫೋನಿನದೂ ಆದೀತು. ಆದರೂ ಒಂದು ಅಂದಾಜು ತಲೆಯಲ್ಲಿರಲಿ: ಐಎಸ್‌ಒ 125ರ ಫಿಲ್ಮಿಗೆ ಪುಣೆಯ ಕಡು ಬಿಸಿಲಿನಲ್ಲಿ ಎಫ್/16, 1/125. ವಾಡೆಯ ಮುಖ ಪೂರ್ತಿ ನೆರಳಲ್ಲಿದ್ದರೆ ಮೂರು ಸ್ಟಾಪ್ ಹೆಚ್ಚು, ಅಂದರೆ ಅದೇ ಎಫ್/16ಕ್ಕೆ 1/15. ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರದ ಗುಹೆ ನಮ್ಮ ರಾಷ್ಟ್ರಕೂಟರ ಕಾಲದ್ದು. ಅದರ ಒಳಗಿನ ಕಂಬಗಳ ನಡುವೆ ಮೀಟರ್ 10 ಸೆಕೆಂಡ್ ತೋರಿಸಿದರೆ ಅಷ್ಟು ಸಾಲದು. ಬೆಳಕು ತೀರ ಕಡಿಮೆ ಇದ್ದಾಗ ಫಿಲ್ಮ್ ಮಂದವಾಗುತ್ತದೆ. ಇಲ್‌ಫರ್ಡ್ ಎಫ್‌ಪಿ4ಕ್ಕಾದರೆ ಸುಮಾರು 18 ಸೆಕೆಂಡ್ ಕೊಡಬೇಕು. ಅಲ್ಲಿ ಟ್ರೈಪಾಡ್ ಊರಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಮುಂಚೆಯೇ ಪಡೆದು ಹೋಗಿ.

ಹತ್ತಿರದ ವಸ್ತುವಿಗೆ ಬೆಲ್ಲೋಸ್ ಎಳೆದಷ್ಟೂ ಬೆಳಕು ತೆಳುವಾಗುತ್ತದೆ. 105ರ ಲೆನ್ಸನ್ನು ಫಿಲ್ಮಿನಿಂದ 150 ಮಿ.ಮೀ.ವರೆಗೆ ಎಳೆದಿದ್ದರೆ ಒಂದು ಸ್ಟಾಪ್, 210ಕ್ಕೆ ಎಳೆದರೆ ಎರಡು ಸ್ಟಾಪ್ ಹೆಚ್ಚು ಕೊಡಿ.

ಲೆನ್ಸನ್ನು ಬಾಗಿಸುವ ವಿದ್ಯೆಯನ್ನು ಮೊದಲ ತಿಂಗಳು ಕಲಿಸುವುದಿಲ್ಲ, ಪರಿಚಯ ಮಾತ್ರ ಮಾಡಿಸುತ್ತೇನೆ. ಗಣೇಶ ವಿಸರ್ಜನೆಯ ದಿನ ಮೆರವಣಿಗೆಗೆ ಮುಂಚೆ ಲಕ್ಷ್ಮೀ ರಸ್ತೆಯಲ್ಲಿ ಹಾಕುವ ಉದ್ದನೆಯ ರಂಗೋಲಿಯನ್ನು ನೆನೆಸಿಕೊಳ್ಳಿ. ಕಾಲ ಬುಡದ ಎಳೆಯಿಂದ ದೂರದ ತುದಿಯವರೆಗೆ ಎಲ್ಲವೂ ಚೊಕ್ಕಟವಾಗಿ ಬರಬೇಕು. ಲೆನ್ಸನ್ನು ಕೊಂಚ ಮುಂದಕ್ಕೆ ಬಾಗಿಸಿದರೆ ಫೋಕಸ್ಸಿನ ತಲವೇ ನೆಲದ ಮೇಲೆ ಮಲಗುತ್ತದೆ. 1904ರಲ್ಲಿ ಇದಕ್ಕೆ ಪೇಟೆಂಟ್ ಮಾಡಿಸಿದ ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಮ್‌ಫ್ಲೂಗ್ ಹೆಸರಿನಲ್ಲೇ ಈ ನಿಯಮ ಉಳಿದಿದೆ. ಹೊಸಬರು ವಿಪರೀತ ಬಾಗಿಸುತ್ತಾರೆ. 100ರ ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಬೇಕಾದದ್ದು ನಾಲ್ಕು ಡಿಗ್ರಿಗಿಂತಲೂ ಚೂರು ಕಡಿಮೆ, ಕಣ್ಣಿಗೆ ಕಂಡೂ ಕಾಣದಷ್ಟು.

ಪುಣೆಯ ಮಳೆಗಾಲದ ಬಗ್ಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ವಾರಕ್ಕೊಮ್ಮೆ ತೆಗೆದು ಬೆಲ್ಲೋಸ್ ಬಿಚ್ಚಿ, ಷಟರನ್ನು ಎಲ್ಲ ವೇಗಗಳಲ್ಲೂ ಆಡಿಸಿ. ಬೇಸಿಗೆಯಲ್ಲಿ ಡೆವಲಪ್ ಮಾಡುವವರಿಗೆ ನಲ್ಲಿ ನೀರು 20 ಡಿಗ್ರಿಗೆ ಸಿಗುವುದಿಲ್ಲ, ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾಸಾಯನಿಕದ ಜಗ್ಗಿನ ಸುತ್ತಲಿನ ನೀರಿಗೆ ಹಾಕಿ.

ಫಿಲ್ಮ್ ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿಯಿರಿ. 56x84 ಮಿಲಿಮೀಟರಿನ ನೆಗೆಟಿವ್ ಅಂಗೈಯಗಲ ತುಂಬುತ್ತದೆ, ಭೂತಗನ್ನಡಿ ಇಲ್ಲದೆಯೇ ಸಜ್ಜೆಯ ಕೆತ್ತನೆ ಕಾಣುತ್ತದೆ. ಒಂದು ಸ್ಟೀಲ್ ಸ್ಕೇಲನ್ನು ನೆಗೆಟಿವ್‌ಗೆ ತಾಗದಂತೆ ಮೊದಲ ಕಂಬದ ನೇರಕ್ಕೆ ಹಿಡಿದು, ಹಾಗೇ ಸರಿಸಿ ಕೊನೆಯ ಕಂಬದ ನೇರಕ್ಕೆ ತನ್ನಿ. ಸ್ಕೇಲನ್ನು ಎಲ್ಲೂ ವಾಲಿಸಬೇಕಾಗಿ ಬರದಿದ್ದರೆ, ಮೊದಲ ದಿನ ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋವನ್ನು ಈಗ ಪಕ್ಕದಲ್ಲಿಟ್ಟು ನೋಡಿ.