ಅಂಗಳಕ್ಕೆ ಯಾವ ಹೂವಿನ ಮರ?



ಜೂನ್ 5 ವಿಶ್ವ ಪರಿಸರ ದಿನ. ಜುಲೈ ಮೊದಲ ವಾರ ವನಮಹೋತ್ಸವ. ಇದನ್ನು 1950ರಲ್ಲಿ ಆಗ ಕೇಂದ್ರ ಮಂತ್ರಿಯಾಗಿದ್ದ ಕೆ. ಎಂ. ಮುನ್ಶಿಯವರು ಶುರು ಮಾಡಿದರು. ಆ ದಿನಗಳಲ್ಲಿ ನಾವೆಲ್ಲ ಗಿಡ ನೆಡುತ್ತೇವೆ. ಆದರೆ ಯಾವ ಗಿಡಕ್ಕೆ ಎಷ್ಟು ಜಾಗ ಬೇಕು ಅಂತ ಮೊದಲೇ ಅಳೆಯುವವರು ಕಡಿಮೆ. ಈ ಲೇಖನದಲ್ಲಿ ಅದನ್ನೇ ಬರೆದಿದ್ದೇನೆ.

ನಮ್ಮದು ಹೆಂಚಿನ ಮನೆ. ಗೋಡೆಯಿಂದ ಬೇಲಿಗೆ ಅಂಗಳ 14 ಅಡಿ. ಬೇಲಿಯಾಚೆ ಕರೆಂಟಿನ ತಂತಿ ಹೋಗಿದೆ. ಅಲ್ಲಿ ಒಂದೇ ಒಂದು ಮರಕ್ಕೆ ಜಾಗ. ಅಜ್ಜಿಗೆ ಮಂಡಿನೋವು, ಹೂ ತರಲು ತೋಟಕ್ಕೆ ಹೋಗಲು ಆಗುವುದಿಲ್ಲ. ಅದಕ್ಕೆ ಪೂಜೆಯ ಹೂ ಬಾಗಿಲಲ್ಲೇ ಸಿಗಬೇಕು. ಅಣ್ಣನಿಗೆ ಗುಲ್‌ಮೊಹರ್ ಬೇಕು. ಅಮ್ಮನಿಗೆ ಕಣಗಿಲೆ. ನನಗೆ ಕಕ್ಕೆ. ಅಪ್ಪ ಮಾತ್ರ, "ಯಾವುದಾದರೂ ನೆಡ್ರಪ್ಪ, ನನ್ನ ಹೆಂಚು ಒಡೀಬಾರ್ದು" ಅಂದರು. ಹೀಗಾಗಿ ಒಂದೊಂದನ್ನೇ ಪರೀಕ್ಷೆ ಮಾಡಿದೆವು.

1. ಗುಲ್‌ಮೊಹರ್: ಇದರ ತವರು ಆಫ್ರಿಕಾದ ಹತ್ತಿರದ ಮಡಗಾಸ್ಕರ್ ದ್ವೀಪ. ಮೇ ತಿಂಗಳಲ್ಲಿ ಮರವೆಲ್ಲ ಕೆಂಪಾಗುತ್ತದೆ. ನೋಡಲು ಬಲು ಚೆಂದ. ಆದರೆ ಕೊಡೆಯ ಹಾಗೆ 40 ಅಡಿಯವರೆಗೂ ಹರಡುತ್ತದೆ. ಬೇರು ಮೇಲೆ ಮೇಲೆಯೇ ಓಡುತ್ತದೆ. ಕೊಂಬೆ ಗಟ್ಟಿಯಿಲ್ಲ, ಗಾಳಿಮಳೆಗೆ ಮುರಿಯುತ್ತದೆ. ನಮ್ಮ ಬೀದಿಯಲ್ಲೇ ಒಂದು ಮನೆಯವರು ಗೋಡೆಯ ಪಕ್ಕ ಇದನ್ನು ಬೆಳೆಸಿದ್ದರು. ಬೇರು ಕಟ್ಟೆಯನ್ನು ಎಬ್ಬಿಸಿತು, ಕೊಂಬೆ ಹೆಂಚಿನ ಮೇಲೆ ಬಿತ್ತು. ಕೊನೆಗೆ ಹೂ ತುಂಬಿದ ಮರವನ್ನೇ ಕಡಿಸಿದರು. ಮರದ್ದೇನು ತಪ್ಪು ಹೇಳಿ?

2. ಕಣಗಿಲೆ: ನೀರು ಕಡಿಮೆ ಸಾಕು, ಹೂ ಬೇಕಾದಷ್ಟು. ಆಡು ಬಾಯಿ ಹಾಕೋದಿಲ್ಲ ಅಂತ ಅಮ್ಮನಿಗೆ ಇಷ್ಟ. ಆಡು ಬಾಯಿ ಹಾಕದ್ದಕ್ಕೆ ಕಾರಣ ಇದೆ. ಇದರ ಎಲೆ, ಹೂ, ಬೀಜ ಎಲ್ಲವೂ ವಿಷ. ನಮ್ಮ ಕರು ಅಂಗಳದಲ್ಲೇ ಕಟ್ಟಿರುತ್ತದೆ. ತಂಗಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಆದ್ದರಿಂದ ಬೇಡ.

3. ಕಕ್ಕೆ: ನಮ್ಮ ಕಾಡಿನದೇ ಮರ. ಏಪ್ರಿಲ್, ಮೇ ತಿಂಗಳಲ್ಲಿ ಬಂಗಾರದ ಗೊಂಚಲು ಇಳಿಬಿಡುತ್ತದೆ. ಕೇರಳದ ರಾಜ್ಯಪುಷ್ಪ ಇದೇ. ಆದರೆ 30-40 ಅಡಿ ಎತ್ತರ ಬೆಳೆಯುತ್ತದೆ, 20 ಅಡಿಗೂ ಹೆಚ್ಚು ಹರಡುತ್ತದೆ. ಬಿಸಿಲೂ ಚೆನ್ನಾಗಿ ಬೇಕು.

4. ಪಾರಿಜಾತ: ಸಣ್ಣ ಮರ. ಸಾಮಾನ್ಯವಾಗಿ 10-12 ಅಡಿ, ಹೆಚ್ಚಾದರೆ ಸವರಬಹುದು. ಹರವು ಸುಮಾರು 10 ಅಡಿ. ಬಿಳಿ ಎಸಳು, ಕಿತ್ತಳೆ ಬಣ್ಣದ ತೊಟ್ಟು. ಸಂಜೆ ಅರಳಿ ಬೆಳಗಾಗುವಾಗ ಉದುರುತ್ತದೆ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಹೂ ಇರುತ್ತದೆ. ಬೇರೆ ಹೂ ನೆಲಕ್ಕೆ ಬಿದ್ದರೆ ದೇವರಿಗೆ ಏರಿಸುವುದಿಲ್ಲ, ಇದನ್ನು ಏರಿಸುತ್ತಾರೆ. ಇದರ ಎಲೆ ಮುಟ್ಟಿ ನೋಡಿ, ಮರಳು ಕಾಗದದ ಹಾಗೆ ಒರಟು.

ಈಗ ಒಂದು ಸುಲಭ ಲೆಕ್ಕ. ಮರದ ಹರವನ್ನು ಅರ್ಧ ಮಾಡಿ. ಗೋಡೆಗೂ ಗಿಡಕ್ಕೂ ಅದಕ್ಕಿಂತ ಹೆಚ್ಚು ದೂರ ಇರಬೇಕು. ನಮ್ಮ 14 ಅಡಿ ಅಂಗಳದ ಮಧ್ಯೆ ನೆಟ್ಟರೆ ಎರಡೂ ಕಡೆ 7 ಅಡಿ. ಗುಲ್‌ಮೊಹರಿಗೆ ಬೇಕಾದ್ದು 20, ಆಗದು. ಕಕ್ಕೆಗೆ 10ಕ್ಕೂ ಹೆಚ್ಚು, ಆಗದು. ಪಾರಿಜಾತಕ್ಕೆ 5 ಅಡಿ, ಆಗುತ್ತದೆ!

ಪಾರಿಜಾತಕ್ಕೂ ಕೊರತೆ ಉಂಟು. ನೆರಳು ತೆಳು. ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಎಲೆ ಉದುರಿಸಿಬಿಡುತ್ತದೆ. "ಬಗ್ಗಿ ಹೂ ಆರಿಸೋಕೆ ಅಜ್ಜಿಗೆ ಆಗತ್ತಾ?" ಅಂತ ಅಣ್ಣ ಕೇಳಿದ. ಅದಕ್ಕೆ ನಾನು ಉಪಾಯ ಹೇಳಿದೆ. ರಾತ್ರಿ ಮರದ ಕೆಳಗೆ ಹಳೇ ಸೀರೆ ಹಾಸುವುದು. ಬೆಳಿಗ್ಗೆ ಮೂಲೆ ಹಿಡಿದು ಎತ್ತಿ ಜಗಲಿಯಲ್ಲಿ ಕೂತ ಅಜ್ಜಿಯ ಮಡಿಲಿಗೆ ಸುರಿಯುವುದು. ಅಜ್ಜಿ ನಕ್ಕು, "ನಾನಿರೋದ್ರೊಳಗೆ ಹೂ ಬಿಡಲಿ" ಅಂದಳು. ಅದಕ್ಕೇ ತಡಮಾಡದೆ ಬರುವ ಭಾನುವಾರವೇ ನೆಡುತ್ತೇವೆ.

ನೆಡುವ ಕ್ರಮ: ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಮೇಲ್ಮಣ್ಣಿಗೆ ಕಳಿತ ಸಗಣಿಗೊಬ್ಬರ ಬೆರೆಸಿ ತುಂಬಿ. ಪ್ಲಾಸ್ಟಿಕ್ ಚೀಲ ತೆಗೆದೇ ನೆಡಿ. ಬುಡಕ್ಕೆ ಒಣ ಎಲೆ ಮುಚ್ಚಿದರೆ ನೀರು ಬೇಗ ಆರುವುದಿಲ್ಲ. ಸುತ್ತ ಮುಳ್ಳು ಕಟ್ಟುವುದನ್ನು ಮರೆಯಬೇಡಿ.

ಹಾಗಾದರೆ ಕಕ್ಕೆಯನ್ನು ಬಿಟ್ಟೇಬಿಡೋದಾ? ಇಲ್ಲ. ಜರ್ಮನಿಯಿಂದ ಬಂದ ಕ್ರುಂಬಿಗಲ್ ಎಂಬುವರು 1908ರಿಂದ ಲಾಲ್‌ಬಾಗನ್ನು ನೋಡಿಕೊಂಡರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿದರು. ನಾವೂ ಹಾಗೆ ಯೋಚಿಸಬಹುದು. ನಮ್ಮ ಶಾಲೆಯ ಮೈದಾನದ ಪಶ್ಚಿಮ ಮೂಲೆ ಖಾಲಿಯಿದೆ, ಮೇಲೆ ತಂತಿಯಿಲ್ಲ, ಹತ್ತಿರ ಗೋಡೆಯೂ ಇಲ್ಲ. ಗುರುಗಳು ಒಪ್ಪಿದರೆ ಅಲ್ಲಿ ಕಕ್ಕೆ ನೆಡೋಣ. ಇದರ ಬೀಜದ ಸಿಪ್ಪೆ ಬಲು ಗಟ್ಟಿ. ಒರಟು ಕಲ್ಲಿಗೆ ತಿಕ್ಕಿ, ಒಂದು ರಾತ್ರಿ ನೀರಲ್ಲಿ ನೆನೆಸಿ ಬಿತ್ತಬೇಕು. ನನ್ನ ಹತ್ತಿರ ಎರಡು ಕಾಯಿ ಇವೆ, ಬೇಕಾದವರು ಕೇಳಿ.

ನೆನಪಿಡಿ: ಹೂ ನೋಡಿ ಗಿಡ ತರಬೇಡಿ, ಮೊದಲು ಜಾಗ ಅಳೆಯಿರಿ. ಜಾಗ ತಪ್ಪಿದರೆ ಕೊನೆಗೆ ಕೊಡಲಿ ಪೆಟ್ಟು ಬೀಳುವುದು ಮರಕ್ಕೇ.