ಎತ್ತಿನ ಗಾಡಿಗಳ ಜಾಡಿನಲ್ಲಿ: ಮಿಸೌರಿಯಿಂದ ವಯೋಮಿಂಗ್‌ಗೆ ಕಾರು ಪ್ರವಾಸ

ಮಿಸೌರಿ ನದಿಯ ದಂಡೆಯಿಂದ ಪೆಸಿಫಿಕ್ ಕರಾವಳಿಯ ಸೀಮೆಯವರೆಗೆ ಎರಡು ಸಾವಿರ ಮೈಲಿಗೂ ಹೆಚ್ಚು ದೂರ ಸಾಗುತ್ತಿದ್ದ ಗಾಡಿದಾರಿಯೇ ಒರೆಗಾನ್ ಟ್ರೇಲ್. 1840ರ ದಶಕದ ಆರಂಭದಿಂದ 1869ರಲ್ಲಿ ಖಂಡಾಂತರ ರೈಲುಮಾರ್ಗ ಪೂರ್ಣಗೊಳ್ಳುವವರೆಗೆ ಈ ದಾರಿಯಲ್ಲೂ ಇದರಿಂದ ಕವಲೊಡೆದ ಕ್ಯಾಲಿಫೋರ್ನಿಯಾ, ಯೂಟಾ ದಾರಿಗಳಲ್ಲೂ ಮೂರು ಲಕ್ಷಕ್ಕಿಂತ ಹೆಚ್ಚು ಜನ ಪಶ್ಚಿಮಕ್ಕೆ ವಲಸೆ ಹೋದರು. ಸಿನಿಮಾಗಳಲ್ಲಿ ಕಾಣುವ ಹಾಗೆ ಕುದುರೆಗಳು ಗಾಡಿ ಎಳೆದದ್ದು ಕಡಿಮೆ. ಹೆಚ್ಚಿನ ಗಾಡಿಗಳಿಗೆ ಕಟ್ಟಿದ್ದು ಎತ್ತುಗಳನ್ನು. ಗಾಡಿಯಲ್ಲಿ ಹಿಟ್ಟು, ಉಪ್ಪು ಹಚ್ಚಿದ ಮಾಂಸ, ಉಪಕರಣಗಳು ತುಂಬಿರುತ್ತಿದ್ದುದರಿಂದ ಗಟ್ಟಿಮುಟ್ಟಾದವರೆಲ್ಲ ಪಕ್ಕದಲ್ಲಿ ನಡೆದೇ ಹೋದರು. ದಿನಕ್ಕೆ 15 ಮೈಲಿ ಸಾಗಿದರೆ ಒಳ್ಳೆಯ ದಿನ. ಸತ್ತವರಲ್ಲಿ ಹೆಚ್ಚಿನವರು ಕಾಲರಾ ಮತ್ತು ಅಪಘಾತಗಳಿಗೆ ಬಲಿಯಾದವರು. ಮೂಲನಿವಾಸಿಗಳ ದಾಳಿಗೆ ಸಿಕ್ಕಿ ಸತ್ತವರು ಅತ್ಯಲ್ಪ.

ಇಡೀ ದಾರಿಯನ್ನು ಒಂದೇ ರಜೆಯಲ್ಲಿ ಮುಗಿಸಲು ಹೊರಟರೆ ಸ್ಟೀರಿಂಗ್ ಹಿಡಿದದ್ದಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಮೊದಲ ಮೂರನೇ ಒಂದು ಭಾಗ, ಅಂದರೆ ಮಿಸೌರಿಯ ಕ್ಯಾನ್ಸಸ್ ಸಿಟಿಯಿಂದ ಕ್ಯಾನ್ಸಸ್ ಮತ್ತು ನೆಬ್ರಾಸ್ಕಾ ರಾಜ್ಯಗಳನ್ನು ದಾಟಿ ವಯೋಮಿಂಗ್‌ನ ಗರ್ನ್ಸಿ ಊರಿನವರೆಗಿನ ಸುಮಾರು 750 ಮೈಲಿ, ಒಂದು ವಾರಕ್ಕೆ ಹದವಾದ ಪ್ರವಾಸ. ಅಲ್ಲಿಂದ ಡೆನ್ವರ್ ವಿಮಾನ ನಿಲ್ದಾಣಕ್ಕೆ ಇನ್ನೂ ಸುಮಾರು 200 ಮೈಲಿ. ನೆಬ್ರಾಸ್ಕಾವನ್ನು ಇಂಟರ್‌ಸ್ಟೇಟ್ 80ರಲ್ಲಿ ಒಂದೇ ದಿನದಲ್ಲಿ ದಾಟಿ, ಅಲ್ಲಿ ನೋಡುವಂಥದ್ದೇನೂ ಇಲ್ಲ ಎನ್ನುವವರು ಬಹಳ. ನೋಡುವಂಥದ್ದೆಲ್ಲ ಆ ಹೆದ್ದಾರಿ ಬಿಟ್ಟು ಇಳಿದ ಮೇಲೆ, ಎರಡು ಪಥದ ಹಳೆಯ ರಸ್ತೆಗಳ ಅಕ್ಕಪಕ್ಕದಲ್ಲಿದೆ.

ಹೊರಡುವ ಮೊದಲು

ಸೆಪ್ಟೆಂಬರ್ ಅತ್ಯುತ್ತಮ ತಿಂಗಳು: ಬಿಸಿಲು ತಗ್ಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಮಕ್ಕಳ ಶಾಲೆಗಳು ಶುರುವಾಗಿರುವುದರಿಂದ ಜನಜಂಗುಳಿಯೂ ಇರುವುದಿಲ್ಲ. ಮೇ, ಜೂನ್ ತಿಂಗಳುಗಳಲ್ಲಿ ಹುಲ್ಲುಗಾವಲು ಹಸಿರಾಗಿ ಕಂಗೊಳಿಸುತ್ತದೆ; ಆದರೆ ಸುಂಟರಗಾಳಿ, ಆಲಿಕಲ್ಲು ಮಳೆಯ ಕಾಲವೂ ಅದೇ. ಆ ತಿಂಗಳುಗಳಲ್ಲಿ ಫೋನಿನ ಹವಾಮಾನ ಎಚ್ಚರಿಕೆಯನ್ನು ಆಫ್ ಮಾಡಬಾರದು. ಸಂಜೆ ಮೋಡ ಕಟ್ಟಿದರೆ ಮುಂದಿನ ಊರು ತಲುಪುವ ಹಟ ಬಿಟ್ಟು, ಗಟ್ಟಿ ಕಟ್ಟಡವಿರುವಲ್ಲಿ ನಿಲ್ಲಬೇಕು. ಚಳಿಗಾಲದಲ್ಲಿ ಹಿಮಗಾಳಿಗೆ ಇಂಟರ್‌ಸ್ಟೇಟ್ 80ರ ಗೇಟುಗಳನ್ನೇ ಮುಚ್ಚುವುದುಂಟು. ಆಗ ಈ ಪ್ರವಾಸ ಬೇಡ.

ಭಾರತದಿಂದ ಹೋಗುವವರು ತಮ್ಮ ಚಾಲನಾ ಪರವಾನಗಿಯ ಜೊತೆ ಆರ್‌ಟಿಒ ನೀಡುವ ಅಂತರರಾಷ್ಟ್ರೀಯ ಚಾಲನಾ ಅನುಮತಿಯನ್ನೂ ಮಾಡಿಸಿಕೊಂಡರೆ ಬಾಡಿಗೆ ಕಾರಿನ ಕೌಂಟರಿನಲ್ಲೂ ಪೊಲೀಸರ ಮುಂದೆಯೂ ತಕರಾರಿರುವುದಿಲ್ಲ. 25 ವರ್ಷದೊಳಗಿನ ಚಾಲಕರಿಗೆ ಕಂಪನಿಗಳು ಸಾಮಾನ್ಯವಾಗಿ ಹೆಚ್ಚುವರಿ ಶುಲ್ಕ ಹಾಕುತ್ತವೆ. ಒಂದು ಊರಿನಲ್ಲಿ ಕಾರು ಪಡೆದು ಇನ್ನೊಂದರಲ್ಲಿ ಬಿಟ್ಟರೆ ಬೀಳುವ ಮೊತ್ತವೂ ಸಣ್ಣದಲ್ಲ, ಬುಕಿಂಗ್ ಮಾಡುವಾಗಲೇ ಕೇಳಿಕೊಳ್ಳಬೇಕು. ವಿಮೆಯಲ್ಲಿ ಕಾರಿನ ಹಾನಿಯ ಜೊತೆಗೆ ಎದುರಿನವರಿಗಾಗುವ ನಷ್ಟವೂ ಸೇರಿದೆಯೇ ಎಂದು ಓದಿ ನೋಡದೆ ಸಹಿ ಹಾಕಬಾರದು.

ಗಾಡಿ ಓಡಿಸುವುದು ರಸ್ತೆಯ ಬಲಬದಿಯಲ್ಲಿ. ಸ್ಟಾಪ್ ಫಲಕದ ಮುಂದೆ ಎದುರು ಯಾರೂ ಇಲ್ಲದಿದ್ದರೂ ಗಾಲಿ ಪೂರ್ತಿ ನಿಲ್ಲಬೇಕು. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸುತ್ತ ನಿಂತರೆ ಅದನ್ನು ದಾಟಿ ಹೋಗುವಂತಿಲ್ಲ. ಫಲಕಗಳಲ್ಲಿರುವ ವೇಗ ಮೈಲಿಗಳಲ್ಲಿ. ನೆಬ್ರಾಸ್ಕಾದ ಇಂಟರ್‌ಸ್ಟೇಟ್‌ನ ಗಂಟೆಗೆ 75 ಮೈಲಿ ಎಂದರೆ 120 ಕಿಲೋಮೀಟರ್. ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ನುಗ್ಗುವುದು ಮಾಮೂಲು, ಹಾಗಾಗಿ ಕತ್ತಲಾಗುವ ಮೊದಲೇ ತಂಗುವುದು ಒಳ್ಳೆಯದು. ಪೆಟ್ರೋಲಿಗೆ ಅಲ್ಲಿ ಗ್ಯಾಸ್ ಎನ್ನುತ್ತಾರೆ. ಪಂಪಿನ ಯಂತ್ರ ಅಮೆರಿಕದ ಪಿನ್‌ಕೋಡ್ ಕೇಳಿ ವಿದೇಶಿ ಕಾರ್ಡನ್ನು ತಿರಸ್ಕರಿಸಿದರೆ ಅಂಗಡಿಯೊಳಗೆ ಹೋಗಿ ಮುಂಗಡ ಹಣ ಕೊಟ್ಟರಾಯಿತು. ಮೆಕ್ಕೆಜೋಳದ ಸೀಮೆಯಾದ್ದರಿಂದ ಇ85 ಎಂಬ ಎಥೆನಾಲ್ ಮಿಶ್ರಣದ ನಳಿಕೆಯೂ ಪಕ್ಕದಲ್ಲೇ ಇರುತ್ತದೆ. ಬೆಲೆ ಕಡಿಮೆ ಎಂದು ಅದನ್ನು ಸಾಮಾನ್ಯ ಕಾರಿಗೆ ತುಂಬಿಸಬಾರದು.

ನದಿಯ ದಂಡೆಯ ಊರುಗಳು

ಕ್ಯಾನ್ಸಸ್ ಸಿಟಿಗೆ ಅಂಟಿಕೊಂಡಿರುವ ಇಂಡಿಪೆಂಡೆನ್ಸ್ ಪಟ್ಟಣದ ನ್ಯಾಯಾಲಯದ ಚೌಕವೇ ಸಾಂತಾ ಫೆ, ಒರೆಗಾನ್, ಕ್ಯಾಲಿಫೋರ್ನಿಯಾ ಎಂಬ ಮೂರು ದಾರಿಗಳ ಆರಂಭಸ್ಥಾನ. ಅಲ್ಲಿ ಅರ್ಧ ದಿನ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಬೇಡುವುದು ಕ್ಯಾನ್ಸಸ್ ಸಿಟಿಯ ಅರೇಬಿಯಾ ಸ್ಟೀಮ್‌ಬೋಟ್ ವಸ್ತುಸಂಗ್ರಹಾಲಯ. 1856ರ ಸೆಪ್ಟೆಂಬರಿನಲ್ಲಿ ಗಡಿನಾಡಿನ ಅಂಗಡಿಗಳಿಗೆ ಸರಕು ಹೊತ್ತು ಹೊರಟಿದ್ದ ಈ ಹಡಗು ನೀರಿನೊಳಗಿನ ಮರದ ಬೊಡ್ಡೆಗೆ ತಾಗಿ ಮುಳುಗಿತು. ಜನರೆಲ್ಲ ಪಾರಾದರು, ಕಟ್ಟಿಹಾಕಿದ್ದ ಒಂದು ಹೇಸರಗತ್ತೆ ಮಾತ್ರ ಸತ್ತಿತು. ಮುಂದೆ ನದಿ ಪಾತ್ರ ಬದಲಿಸಿತು; 1988ರಲ್ಲಿ ಹಡಗು ಸಿಕ್ಕಿದ್ದು ನದಿಯಿಂದ ಅರ್ಧ ಮೈಲಿ ದೂರದ ಹೊಲದಡಿ, 45 ಅಡಿ ಆಳದಲ್ಲಿ. ಬೂಟುಗಳು, ಬಾಗಿಲ ಹಿಡಿಕೆಗಳು, ಪಿಂಗಾಣಿ, ಗಾಜಿನ ಸೀಸೆಯಲ್ಲಿ ಬಣ್ಣಗೆಡದ ಉಪ್ಪಿನಕಾಯಿ ಎಲ್ಲವೂ ಕೆಸರಿನಲ್ಲಿ ಹಾಗೆಯೇ ಉಳಿದಿದ್ದವು. ವಲಸೆಗಾರರ ಕಾಲದ ದಿನಬಳಕೆಯ ಬದುಕು ಇಷ್ಟು ಇಡಿಯಾಗಿ ಕಾಣುವ ಜಾಗ ಈ ದಾರಿಯಲ್ಲಿ ಇನ್ನೊಂದಿಲ್ಲ. ಸಂಗ್ರಹಾಲಯದ ವಿಳಾಸ, ಸಮಯಗಳನ್ನು ಹೊರಡುವ ಮೊದಲು ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಬೇಕು.

ಒಂದು ಗಂಟೆ ಉತ್ತರಕ್ಕೆ ಸಾಗಿದರೆ ಸೇಂಟ್ ಜೋಸೆಫ್. 1860ರ ಏಪ್ರಿಲ್ 3ರಂದು ಪೋನಿ ಎಕ್ಸ್‌ಪ್ರೆಸ್ ಕುದುರೆ ಅಂಚೆ ಹೊರಟದ್ದು ಇಲ್ಲಿಂದ. ಆ ಲಾಯದಲ್ಲೇ ಈಗ ವಸ್ತುಸಂಗ್ರಹಾಲಯವಿದೆ. ಕುದುರೆ ಬದಲಿಸುತ್ತ, ಸವಾರರನ್ನು ಬದಲಿಸುತ್ತ ಸುಮಾರು ಹತ್ತು ದಿನಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ಪತ್ರ ಮುಟ್ಟಿಸುತ್ತಿದ್ದ ಈ ಸೇವೆ 1861ರ ಅಕ್ಟೋಬರಿನಲ್ಲಿ ತಂತಿ ಮಾರ್ಗ ಪೂರ್ಣವಾದೊಡನೆ ನಿಂತುಹೋಯಿತು. ಅಲ್ಲಿಂದ ಹೆದ್ದಾರಿ 36ರಲ್ಲಿ ಪಶ್ಚಿಮಕ್ಕೆ ಹೊರಟರೆ ಮೇರಿಸ್‌ವಿಲ್ ಊರಿನ ದಕ್ಷಿಣಕ್ಕೆ ಆಲ್ಕೋವ್ ಸ್ಪ್ರಿಂಗ್ ಸಿಗುತ್ತದೆ. ಮುಂದೆ ಸಿಯೆರಾ ನೆವಾಡಾದ ಹಿಮದಲ್ಲಿ ಸಿಕ್ಕಿಬಿದ್ದ ಡಾನರ್ ತಂಡ 1846ರ ಮೇ ತಿಂಗಳಲ್ಲಿ ಉಕ್ಕಿದ ಬಿಗ್ ಬ್ಲೂ ನದಿ ಇಳಿಯಲಿ ಎಂದು ಕಾದು ಕುಳಿತದ್ದು ಈ ಒರತೆಯ ಬಳಿ. ಬಂಡೆಯ ಮೇಲೆ ವಲಸೆಗಾರರ ಕೆತ್ತನೆಗಳಿವೆ.

ರಾಜ್ಯದ ಗಡಿ ದಾಟಿದ ಮೇಲೆ ಬಿಯಾಟ್ರಿಸ್ ಊರಿನ ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನಕ್ಕೆ ಅರ್ಧ ದಿನ ಮೀಸಲಿಡಬೇಕು, ಪ್ರವೇಶ ಉಚಿತ. 1862ರಲ್ಲಿ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ, ಐದು ವರ್ಷ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆ ಜಮೀನು ಸಿಗುತ್ತಿತ್ತು. ಹೀಗೆ ಹಂಚಿದ ನೆಲ ಸುಮಾರು 27 ಕೋಟಿ ಎಕರೆ. ಹೊರಗಿನ ಗೋಡೆಯೊಂದರಲ್ಲಿ 30 ರಾಜ್ಯಗಳ ಆಕಾರದ ಫಲಕಗಳಿದ್ದು, ಪ್ರತಿಯೊಂದರಲ್ಲೂ ಹಂಚಿಕೆಯಾದ ಪಾಲಿನಷ್ಟು ಚೌಕವನ್ನು ಕತ್ತರಿಸಿ ತೆಗೆಯಲಾಗಿದೆ. ನೆಬ್ರಾಸ್ಕಾದ ಫಲಕದ ಮುಂದೆ ನಿಂತರೆ ಪೌನಿ, ಓಟೋ ಮುಂತಾದ ಜನಾಂಗಗಳು ಕಳೆದುಕೊಂಡ ನೆಲ ಎಷ್ಟೆಂದು ತಟ್ಟನೆ ತಿಳಿಯುತ್ತದೆ. ಹಿಂದಿನ ಎತ್ತರದ ಹುಲ್ಲಿನ ಬಯಲಲ್ಲಿ ನಡೆಯದೆ ವಾಪಸಾಗಬಾರದು: ಬೇಸಿಗೆಯ ಕೊನೆಗೆ ಹುಲ್ಲು ತಲೆಮಟ್ಟಕ್ಕೆ ಬಂದಿರುತ್ತದೆ.

ಪ್ಲಾಟ್ ನದಿಯ ಗುಂಟ

ಕಿಯರ್ನಿ ಊರಿನಿಂದ ಗಾಡಿದಾರಿ ಪ್ಲಾಟ್ ನದಿಯ ಜೊತೆ ಸಾಗುತ್ತದೆ. ಅಗಲವಾದ, ಆಳವಿಲ್ಲದ, ಮರಳು ತುಂಬಿದ ಈ ನದಿಯಲ್ಲಿ ದೋಣಿ ನಡೆಯುವುದಿಲ್ಲ. ಆದರೆ ಅದರ ದಂಡೆ ಗಾಡಿಗೆ ಹೇಳಿ ಮಾಡಿಸಿದಂಥ ಸಮತಟ್ಟು ನೆಲ, ಎತ್ತುಗಳಿಗೆ ಹುಲ್ಲೂ ನೀರೂ ಧಾರಾಳ. ಮರಗಳಿಲ್ಲದ್ದರಿಂದ ಹೆಂಗಸರು, ಮಕ್ಕಳು ಒಣಗಿದ ಬೈಸನ್ ಸಗಣಿಯನ್ನು ಆರಿಸಿ ತಂದು ಬೆರಣಿಯ ಹಾಗೆ ಉರಿಸಿ ಅಡುಗೆ ಮಾಡುತ್ತಿದ್ದರು. 1848ರ ಫೋರ್ಟ್ ಕಿಯರ್ನಿ ಕೋಟೆಯಲ್ಲಿ ಈಗ ಇರುವುದು ಮರುನಿರ್ಮಿತ ಕಟ್ಟಡಗಳು, ಬೇಗ ನೋಡಿ ಮುಗಿಸಬಹುದು. ಪ್ರವಾಸ ಮಾರ್ಚಿಗೆ ಬಿದ್ದರೆ ಮಾತ್ರ ಇಲ್ಲಿ ಎರಡು ರಾತ್ರಿ ಉಳಿಯಬೇಕು: ಲಕ್ಷಾಂತರ ಸ್ಯಾಂಡ್‌ಹಿಲ್ ಕೊಕ್ಕರೆಗಳು ಉತ್ತರಕ್ಕೆ ವಲಸೆ ಹೋಗುವಾಗ ಈ ನದಿಯ ಮರಳದಿಣ್ಣೆಗಳ ಮೇಲೆ ರಾತ್ರಿ ತಂಗುತ್ತವೆ.

ನಾರ್ತ್ ಪ್ಲಾಟ್ ಊರು ದಾಟಿದ ಮೇಲೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಒಗಲಾಲಾದಲ್ಲಿ ಇಂಟರ್‌ಸ್ಟೇಟ್ ಬಿಟ್ಟು ಹೆದ್ದಾರಿ 26 ಹಿಡಿಯಬೇಕು. ಪ್ರವಾಸದ ತಿರುಳು ಇರುವುದು ಈ ರಸ್ತೆಯಲ್ಲಿ. ಲುವೆಲನ್ ಊರಿನ ಸಮೀಪ ಆಶ್ ಹಾಲೋ ಉದ್ಯಾನದ ವಿಂಡ್ಲಸ್ ಗುಡ್ಡವಿದೆ. ಗಾಲಿಗಳನ್ನು ಸರಪಳಿಯಿಂದ ಬಿಗಿದು, ಹಿಂದಿನಿಂದ ಹಗ್ಗ ಹಿಡಿದು ಗಾಡಿಗಳನ್ನು ಇಳಿಸಿದ ಇಳಿಜಾರು ಇದು. ಆ ಜಾಡುಗಳನ್ನು ಮಳೆನೀರು ಕೊರೆದು ಕೊರಕಲು ಮಾಡಿದೆ. ರಾಜ್ಯದ ಉದ್ಯಾನಗಳಿಗೆ ವಾಹನ ಪರವಾನಗಿ ಕೊಳ್ಳಬೇಕು, ಹೊರರಾಜ್ಯದ ವಾಹನಕ್ಕೆ ದರ ಹೆಚ್ಚು.

ಇಲ್ಲಿಂದ ಕೆಲವೇ ಮೈಲಿ ದೂರದ ಬ್ಲೂ ವಾಟರ್ ತೊರೆಯ ದಂಡೆಯಲ್ಲಿ 1855ರ ಸೆಪ್ಟೆಂಬರಿನಲ್ಲಿ ಜನರಲ್ ಹಾರ್ನಿಯ ಸೇನೆ ಲಕೋಟಾ ಮೂಲನಿವಾಸಿಗಳ ಹಳ್ಳಿಯೊಂದರ ಮೇಲೆ ಬಿದ್ದು, ಹೆಂಗಸರು ಮಕ್ಕಳೂ ಸೇರಿ 86 ಜನರನ್ನು ಕೊಂದಿತು. ಅದರ ಕಾರಣ ಹಿಂದಿನ ವರ್ಷದ್ದು, ಈ ದಾರಿಯಲ್ಲೇ ಮುಂದೆ ಸಿಗುವ ಫೋರ್ಟ್ ಲಾರಮಿಯ ಬಳಿಯದು. ವಲಸೆಗಾರನೊಬ್ಬನ ಹಸು ತಪ್ಪಿಸಿಕೊಂಡು ಲಕೋಟಾ ಬಿಡಾರದತ್ತ ಹೋಯಿತು, ಅಲ್ಲಿದ್ದ ಒಬ್ಬ ಅದನ್ನು ಕೊಂದ. ಮುಖ್ಯಸ್ಥ ಕಾಂಕರಿಂಗ್ ಬೇರ್ ಪರಿಹಾರ ಕೊಡಲು ಒಪ್ಪಿದರೂ ಲೆಫ್ಟಿನೆಂಟ್ ಗ್ರಾಟನ್ 29 ಸೈನಿಕರೊಂದಿಗೆ, ಎರಡು ಫಿರಂಗಿಗಳೊಂದಿಗೆ ಬಿಡಾರಕ್ಕೆ ಹೋದ. ಗುಂಡು ಹಾರಿ ಮುಖ್ಯಸ್ಥ ಮಾರಣಾಂತಿಕವಾಗಿ ಗಾಯಗೊಂಡ. ಗ್ರಾಟನ್ ಮತ್ತು ಅವನ ಸೈನಿಕರೆಲ್ಲ ಹತರಾದರು. ಅದರ ಸೇಡೇ ಬ್ಲೂ ವಾಟರ್. ಈ ಎರಡು ಜಾಗಗಳನ್ನು ಜೋಡಿಸಿ ನೋಡದಿದ್ದರೆ ಗಾಡಿದಾರಿಯ ಕಥೆ ಅರ್ಧವಷ್ಟೇ ತಿಳಿದಂತೆ.

ಬ್ರಿಜ್‌ಪೋರ್ಟ್ ಬಳಿಯ ಕೋರ್ಟ್‌ಹೌಸ್ ಬಂಡೆ ಕಳೆದ ಮೇಲೆ ಚಿಮ್ನಿ ರಾಕ್ ದಿಗಂತದಲ್ಲಿ ಮೊದಲು ಕಡ್ಡಿಯಷ್ಟು ಕಾಣಿಸಿ ಮೈಲಿ ಮೈಲಿಗೂ ಎತ್ತರವಾಗುತ್ತದೆ. ಬುಡದಿಂದ ತುದಿಗೆ ಸುಮಾರು 325 ಅಡಿ. ವಲಸೆಗಾರರ ದಿನಚರಿಗಳಲ್ಲಿ ಇದರಷ್ಟು ಹೆಸರಾದ ಗುರುತು ಬೇರೆ ಇಲ್ಲ. ಸುತ್ತಲಿನ ಹುಲ್ಲಿನಲ್ಲಿ ಬುಡುಬುಡಿಕೆ ಹಾವುಗಳಿವೆ, ಕಾಲುದಾರಿ ಬಿಡಬಾರದು. ಗೆರಿಂಗ್ ಊರಿನ ಸ್ಕಾಟ್ಸ್ ಬ್ಲಫ್ ರಾಷ್ಟ್ರೀಯ ಸ್ಮಾರಕದಲ್ಲಿ ನದಿಯ ಮಟ್ಟದಿಂದ 800 ಅಡಿ ಮೇಲಿನ ನೆತ್ತಿಯವರೆಗೆ ಕಾರು ಹೋಗುತ್ತದೆ, ಪ್ರವೇಶ ಉಚಿತ. ಬಂಡೆ ಉರುಳಿ ರಸ್ತೆ ಮುಚ್ಚುವುದುಂಟಾದ್ದರಿಂದ ಬೆಳಿಗ್ಗೆ ವಿಚಾರಿಸಿ ಹೊರಡಬೇಕು. ಸ್ಕಾಟ್ಸ್‌ಬ್ಲಫ್ ಪಟ್ಟಣದ ಅಂಚಿನಲ್ಲಿ, ರೈಲು ಹಳಿಯ ಬಳಿ ರೆಬೆಕಾ ವಿಂಟರ್ಸ್ ಎಂಬಾಕೆಯ ಸಮಾಧಿಯಿದೆ. 1852ರಲ್ಲಿ ಕಾಲರಾದಿಂದ ತೀರಿಕೊಂಡ ಈ 50 ವರ್ಷದ ಮಹಿಳೆಗೆ ಕಲ್ಲು ಕೆತ್ತಿಸಲು ಯಾರಿಗೂ ಸಮಯವಿರಲಿಲ್ಲ. ಕುಟುಂಬದ ಸ್ನೇಹಿತನೊಬ್ಬ ಗಾಡಿಗಾಲಿಯ ಕಬ್ಬಿಣದ ಪಟ್ಟಿಯನ್ನು ಬಾಗಿಸಿ, ಉಳಿಯಿಂದ ಹೆಸರೂ ವಯಸ್ಸೂ ಕೊರೆದು ನೆಲದಲ್ಲಿ ನೆಟ್ಟ. ಗುರುತಿಲ್ಲದೆ ಹೋದ ಸಾವಿರಾರು ಸಮಾಧಿಗಳ ನಡುವೆ ಇದು ಉಳಿದದ್ದು ಆ ಕಬ್ಬಿಣದಿಂದ.

ಗಡಿ ದಾಟಿ ವಯೋಮಿಂಗ್‌ಗೆ ಹೊಕ್ಕರೆ ಫೋರ್ಟ್ ಲಾರಮಿ. 1834ರಲ್ಲಿ ತುಪ್ಪಳದ ವ್ಯಾಪಾರಕ್ಕೆ ಶುರುವಾದ ಇದನ್ನು 1849ರಲ್ಲಿ ಸೇನೆ ಕೊಂಡಿತು. ಸುತ್ತ ಕೋಟೆಗೋಡೆ ಇಲ್ಲದ ಸೇನಾನೆಲೆ ಇದು. ಓಲ್ಡ್ ಬೆಡ್ಲಮ್ ಎಂಬ ಅಧಿಕಾರಿಗಳ ಬಿಡಾರ ವಯೋಮಿಂಗ್‌ನಲ್ಲಿ ಉಳಿದಿರುವ ಅತಿ ಹಳೆಯ ಸೇನಾ ಕಟ್ಟಡ. ಇಲ್ಲಿ ಆದ 1868ರ ಒಪ್ಪಂದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಲಕೋಟಾ ಜನರಿಗೆ ಬಿಟ್ಟುಕೊಟ್ಟಿತ್ತು; ಚಿನ್ನ ಸಿಕ್ಕಿದ ಮೇಲೆ 1877ರಲ್ಲಿ ಸರ್ಕಾರ ಅವನ್ನು ಕಿತ್ತುಕೊಂಡಿತು. 1980ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಪರಿಹಾರದ ಹಣವನ್ನು ಅವರು ಮುಟ್ಟಿಲ್ಲ, ಕೇಳುತ್ತಿರುವುದು ಬೆಟ್ಟಗಳನ್ನೇ.

13 ಮೈಲಿ ಮುಂದೆ ಗರ್ನ್ಸಿ. ನದಿಯಂಚಿನ ಜೌಗು ತಪ್ಪಿಸಲು ಗಾಡಿಗಳೆಲ್ಲ ಇಲ್ಲಿನ ಮೆತ್ತನೆಯ ಮರಳುಗಲ್ಲಿನ ದಿಬ್ಬ ಹತ್ತಿದವು. ಅವು ಸವೆಸಿದ ಜಾಡು ಐದು ಅಡಿಯವರೆಗೆ ಆಳವಾಗಿದೆ. ಅದರೊಳಗೆ ಇಳಿದು ನಿಂತರೆ ಎರಡೂ ಬದಿಯ ಕಲ್ಲು ಎದೆಮಟ್ಟ ಬರುತ್ತದೆ. ಸಮೀಪದ ರಿಜಿಸ್ಟರ್ ಕ್ಲಿಫ್ ಬಂಡೆಯಲ್ಲಿ ವಲಸೆಗಾರರ ನೂರಾರು ಹೆಸರುಗಳಿವೆ. ಈಗ ಅಲ್ಲಿ ಹೊಸದಾಗಿ ಹೆಸರು ಕೆತ್ತುವುದು ಅಪರಾಧ.

ಊಟ, ಮರುಪ್ರಯಾಣ

ಸಸ್ಯಾಹಾರಿಗಳು ಮುಂಚೆಯೇ ಯೋಚಿಸಿ ಹೊರಡಬೇಕು. ಇದು ದನದ ಮಾಂಸದ ಸೀಮೆ. ಸಣ್ಣ ಊರುಗಳಲ್ಲಿ ಪಿಜ್ಜಾ, ಸ್ಯಾಂಡ್‌ವಿಚ್, ಮೆಕ್ಸಿಕನ್ ಹೋಟೆಲುಗಳ ಅನ್ನ ಮತ್ತು ಕಾಳಿನ ರೊಟ್ಟಿಸುರುಳಿ ಸಿಕ್ಕೀತು. ಕಾಳಿಗೆ ಹಂದಿಕೊಬ್ಬು ಹಾಕಿದ್ದಾರೆಯೇ ಎಂದು ಕೇಳಲು ಮರೆಯಬಾರದು. ಕ್ಯಾನ್ಸಸ್ ಸಿಟಿಯ ಭಾರತೀಯ ದಿನಸಿ ಅಂಗಡಿಗಳಲ್ಲಿ ಅಕ್ಕಿ, ಅವಲಕ್ಕಿ, ಉಪ್ಪಿನಕಾಯಿ, ತಿಳಿಸಾರಿನ ಪುಡಿ ಕೊಂಡು, ಪುಟ್ಟ ರೈಸ್ ಕುಕ್ಕರ್ ಒಂದನ್ನು ಡಿಕ್ಕಿಯಲ್ಲಿಟ್ಟುಕೊಂಡರೆ ವಾರವಿಡೀ ನಿಶ್ಚಿಂತೆ. ಅಡುಗೆಮನೆಯಿರುವ ಕೋಣೆಗಳನ್ನು ಕಿಯರ್ನಿ, ಸ್ಕಾಟ್ಸ್‌ಬ್ಲಫ್‌ಗಳಲ್ಲಿ ಹುಡುಕುವುದು ಸುಲಭ.

ಗರ್ನ್ಸಿಯಿಂದ ಶಯನ್ ಮೂಲಕ ಡೆನ್ವರ್‌ಗೆ ಮೂರೂವರೆ ಗಂಟೆ ಹಿಡಿಯಬಹುದು. ವಿಮಾನ ನಿಲ್ದಾಣದ ಕಡೆಯ ಇ-470 ಟೋಲ್ ರಸ್ತೆಯಲ್ಲಿ ನಗದು ಪಡೆಯುವುದಿಲ್ಲ. ನಂಬರ್ ಪ್ಲೇಟಿನ ಚಿತ್ರ ತೆಗೆದು ಬಿಲ್ ಕಳಿಸುತ್ತಾರೆ, ಬಾಡಿಗೆ ಕಂಪನಿ ಅದರ ಮೇಲೆ ತನ್ನ ಶುಲ್ಕ ಸೇರಿಸುತ್ತದೆ. ಇನ್ನೂ ಎರಡು ದಿನ ಕೈಯಲ್ಲಿದ್ದರೆ ಪಶ್ಚಿಮಕ್ಕೆ ಕ್ಯಾಸ್ಪರ್ ದಾಟಿ, ಜುಲೈ 4ರೊಳಗೆ ತಲುಪಬೇಕೆಂದು ವಲಸೆಗಾರರು ಆತುರಪಡುತ್ತಿದ್ದ ಇಂಡಿಪೆಂಡೆನ್ಸ್ ರಾಕ್‌ವರೆಗೂ, ಅಲ್ಲಿಂದ ರಾಕಿ ಪರ್ವತಗಳನ್ನು ಗಾಡಿಗಳು ದಾಟಿದ ಸೌತ್ ಪಾಸ್‌ವರೆಗೂ ಹೋಗಬಹುದು. ಆ ಭಾಗದಲ್ಲಿ ಪೆಟ್ರೋಲ್ ಬಂಕುಗಳು ವಿರಳ, ಫೋನ್ ಸಿಗ್ನಲ್ ನಂಬುವಂತಿಲ್ಲ; ಕ್ಯಾಸ್ಪರ್‌ನಲ್ಲೇ ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು, ನೀರಿನ ಕ್ಯಾನ್ ಹಾಕಿಕೊಂಡು ಹೊರಡಬೇಕು.